ಕಾಸು ಬಿಚ್ಚುವ ಮುಂಚೆ ಕಿವಿಗೊಡಿ: ಹಳೇ ಸಾಮಾನಿನಲ್ಲಿ ಮನೆ ರೆಕಾರ್ಡಿಂಗ್

ಮನೆಯಲ್ಲೇ ಒಂದು ಹಾಡು ರೆಕಾರ್ಡ್ ಮಾಡೋಣ ಅಂತ ಹೊರಟವರು ಮೊದಲು ಮೈಕಿನ ರಿವ್ಯೂ ನೋಡುತ್ತಾರೆ. ಆಮೇಲೆ ಆನ್‌ಲೈನ್ ಕಾರ್ಟಿಗೆ ಒಂದೊಂದೇ ಸೇರಿಸುತ್ತಾ ಹೋಗುತ್ತಾರೆ. ಕೊನೆಗೆ ಒಟ್ಟು ಮೊತ್ತ ನೋಡಿ ಸುಮ್ಮನಾಗುತ್ತಾರೆ. ಈ ವರಸೆಯನ್ನು ಉಲ್ಟಾ ಮಾಡಿದರೆ ಕೆಲಸ ಆಗುತ್ತದೆ. ಮೊದಲು ಕೋಣೆಯ ಗದ್ದಲ ಇಳಿಸಬೇಕು. ಆಮೇಲೆ ಅಟ್ಟದ ಮೇಲಿನ ಹಳೇ ಸಾಮಾನು ಇಳಿಸಬೇಕು. ದುಡ್ಡು ಕೊನೆಗೆ, ಅದೂ ಒಂದೋ ಎರಡೋ ವಸ್ತುವಿಗೆ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ಹಾಡುವವರು ಒಬ್ಬರು, ಒಂದು ಹಾರ್ಮೋನಿಯಂ, ಒಂದು ಖಂಜಿರ. ಬಾಡಿಗೆ ಮನೆಯ ಹತ್ತಡಿ ಹತ್ತಡಿ ರೂಮು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪು, ಡ್ರಾಯರಿನಲ್ಲಿ ಪರದೆ ಬಿರುಕು ಬಿಟ್ಟ ಫೋನು. ಒಂದು ಭಾವಗೀತೆಯನ್ನು ಕೇಳುವ ಹಾಗೆ ಮುದ್ರಿಸಲು ಇಷ್ಟು ಸಾಕು.

ಮೊದಲು: ಏನೂ ಇಲ್ಲದಿರುವುದನ್ನು ರೆಕಾರ್ಡ್ ಮಾಡಿ

ಆ ಹಳೇ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಹಾಡುವವರು ಕೂರುವ ಜಾಗದಲ್ಲಿಡಿ. ಒಂದು ನಿಮಿಷ ಯಾರೂ ಮಾತಾಡದೆ ರೆಕಾರ್ಡ್ ಮಾಡಿ. ಈಗ ಹೆಡ್‌ಫೋನ್ ಹಾಕಿಕೊಂಡು ವಾಲ್ಯೂಮ್ ಪೂರ್ತಿ ಏರಿಸಿ ಕೇಳಿ. ಫ್ಯಾನಿನ ಗಾಳಿ, ಫ್ರಿಜ್ಜಿನ ಗುಂಯ್, ಇನ್ವರ್ಟರಿನ ಝೇಂಕಾರ, ಕೆಳಗಿನ ಸಂಪಿನ ಮೋಟರು, ರಸ್ತೆಯ ಹಾರ್ನು. ದಿನವೂ ಕಿವಿ ತಾನಾಗೇ ತಳ್ಳಿಹಾಕುವ ಸದ್ದುಗಳಿವು. ಮೈಕಿಗೆ ಆ ದಾಕ್ಷಿಣ್ಯ ಇಲ್ಲ.

ಒಂದು ಕಾಗದದಲ್ಲಿ ಪಟ್ಟಿ ಮಾಡಿ. ನಮ್ಮ ಕೈಯಲ್ಲಿರುವ ಸದ್ದು ಒಂದು ಕಡೆ, ಕೈಯಲ್ಲಿಲ್ಲದ್ದು ಇನ್ನೊಂದು ಕಡೆ. ಫ್ಯಾನು, ಫ್ರಿಜ್ಜು, ಗೋಡೆ ಗಡಿಯಾರ ನಮ್ಮ ಕೈಯಲ್ಲಿವೆ. ಫ್ರಿಜ್ ಆಫ್ ಮಾಡುವಾಗ ಸ್ಕೂಟರ್ ಕೀ ಅದರೊಳಗೇ ಇಟ್ಟುಬಿಡಿ. ಆಮೇಲೆ ಹೊರಗೆ ಹೊರಟಾಗ ಕೀ ಹುಡುಕಿಕೊಂಡು ಅಲ್ಲಿಗೇ ಬರುತ್ತೀರಿ, ಫ್ರಿಜ್ ಆನ್ ಮಾಡುವುದು ಮರೆಯುವುದಿಲ್ಲ. ಹಾಲು ಒಡೆಯುವುದೂ ಇಲ್ಲ.

ಹೊರಗಿನ ಗದ್ದಲವನ್ನು ಗೋಡೆ ಕಟ್ಟಿ ತಡೆಯುವುದು ನಮ್ಮ ಬಜೆಟ್ಟಿನ ಮಾತಲ್ಲ. ಸೌಂಡ್‌ಪ್ರೂಫ್ ಅಂದರೆ ತೂಕ: ದಪ್ಪ ಗೋಡೆ, ಜೋಡಿ ಬಾಗಿಲು. ಅದರ ಬದಲು ಹೊತ್ತು ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಒಂದೊಂದು ಬಡಾವಣೆಗೂ ಒಂದೊಂದು ಮೌನದ ಹೊತ್ತಿದೆ. ಬಸವನಗುಡಿ, ಮಲ್ಲೇಶ್ವರದ ಒಳಗಿನ ಕ್ರಾಸುಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಒಂದೆರಡು ಗಂಟೆ ಚೆನ್ನಾಗಿ ತಣ್ಣಗಿರುತ್ತದೆ. ಹೊಸ ಲೇಔಟಿನಲ್ಲಿ ಅದೇ ಹೊತ್ತಿಗೆ ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕೊಯ್ಯುತ್ತಿರುತ್ತಾರೆ. ಹಳೇ ಏರ್‌ಪೋರ್ಟ್ ರೋಡಿನ ಆಸುಪಾಸಿನವರು ಎಚ್‌ಎಎಲ್ ಕಡೆಯ ವಿಮಾನಗಳ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಕಸದ ಆಟೋ ಹಾಡು ಹಾಕಿಕೊಂಡೇ ಬರುತ್ತದೆ, ಅದು ಹೋದ ಮೇಲೆ ಶುರು ಮಾಡಿ. ರಾತ್ರಿ ಊರು ಮಲಗಿದ ಮೇಲೆ ನಾಯಿಗಳ ಸರದಿ. ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಇದೇ ಒಂದು ನಿಮಿಷದ ಪರೀಕ್ಷೆ ಮಾಡಿದರೆ ನಿಮ್ಮ ಬೀದಿಯ ಮೌನ ಯಾವಾಗ ಅಂತ ಗೊತ್ತಾಗುತ್ತದೆ.

ರಾತ್ರಿಯೇ ಅನುಕೂಲ ಅನ್ನುವವರಿಗೆ ಒಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಖಂಜಿರ ಅದನ್ನು ಸಲೀಸಾಗಿ ದಾಟುತ್ತದೆ. ಮೆಲ್ಲಗೆ ಹಾಡುವುದಾದರೆ ಗಾಯನ ರಾತ್ರಿ ಇಟ್ಟುಕೊಳ್ಳಿ, ಖಂಜಿರ ಹಗಲಿಗಿರಲಿ. ಮೇಲಿನ ಮನೆ ಆಂಟಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಅವರು ಮಿಕ್ಸಿ ಹಾಕುವ ಹೊತ್ತೂ ಗೊತ್ತಾಗುತ್ತದೆ.

ಕೋಣೆ: ಚಪ್ಪಾಳೆ ತಟ್ಟಿ ನೋಡಿ

ರೂಮಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಖಣ್ ಅಂತ ಬಾಲ ಹಿಡಿದುಕೊಂಡು ಬಂದರೆ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತಿವೆ ಅಂತ ಅರ್ಥ. ಟೈಲ್ಸ್ ನೆಲ, ಆರ್‌ಸಿಸಿ ಚಾವಣಿ, ಖಾಲಿ ಗೋಡೆ ಇದ್ದರೆ ಹೀಗಾಗಲೇಬೇಕು. ಮನೆ ರೆಕಾರ್ಡಿಂಗ್ ಕೇಳಿದ ತಕ್ಷಣ ಇದು ಮನೆಯದ್ದೇ ಅಂತ ಗೊತ್ತಾಗುವುದು ಈ ಬಾಲದಿಂದ. ಮೈಕು ಅಗ್ಗದ್ದು ಅನ್ನುವುದು ಆಮೇಲಿನ ಮಾತು.

ಔಷಧಿ ಮನೆಯಲ್ಲೇ ಇದೆ. ಹತ್ತಿ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಎಲ್ಲಿ ಅನ್ನುವುದು ಮುಖ್ಯ. ಜನ ಅದನ್ನು ಮೈಕಿನ ಹಿಂದೆ ಇಡುತ್ತಾರೆ. ಆದರೆ ಸಾಮಾನ್ಯ ಹಾಡುವ ಮೈಕು ಮುಂದಿನ ಸದ್ದನ್ನು ಹೆಚ್ಚು ಹಿಡಿಯುತ್ತದೆ, ಬೆನ್ನ ಹಿಂದಿನದ್ದನ್ನು ಕಡಿಮೆ. ಅದರ ಮುಂದಿರುವುದು ಹಾಡುವವರು ಮತ್ತು ಅವರ ಹಿಂದಿನ ಗೋಡೆ. ಹಾಗಾಗಿ ಹಾಸಿಗೆ ಹಾಡುವವರ ಬೆನ್ನ ಹಿಂದೆ ಬರಬೇಕು. ಸೀರೆ, ಶಾಲು ತುಂಬಿದ ಬೀರುವಿನ ಬಾಗಿಲು ತೆಗೆದು ಅದಕ್ಕೆ ಬೆನ್ನು ಕೊಟ್ಟು ನಿಂತರೂ ಆಗುತ್ತದೆ. ನೆಲಕ್ಕೆ ಜಮಖಾನ, ಬಾಗಿಲಿನ ಕೆಳಗಿನ ಸಂದಿಗೆ ಸುತ್ತಿದ ಟವೆಲು.

ಹತ್ತಡಿ ಚೌಕದ ರೂಮಿಗೆ ಇನ್ನೊಂದು ಕಾಟ ಇದೆ. ಎದುರುಬದುರು ಗೋಡೆಗಳ ಅಂತರಕ್ಕೆ ಹೊಂದುವ ಒಂದು ಮಂದ್ರದ ಸದ್ದು ಅಲ್ಲಿ ಊದಿಕೊಳ್ಳುತ್ತದೆ. ಹತ್ತಡಿಗೆ ಅದು ಸುಮಾರು 56 ಹರ್ಟ್ಸ್, ಆಮೇಲೆ ಅದರ ಎರಡರಷ್ಟು, ಮೂರರಷ್ಟು. ಚೌಕದಲ್ಲಿ ಎರಡೂ ದಿಕ್ಕಿನದು ಒಂದೇ ಕಡೆ ಸೇರಿಕೊಳ್ಳುವುದರಿಂದ ಹಾರ್ಮೋನಿಯಂನ ಕೆಳಗಿನ ಸ್ವರ ಡಬಡಬ ಅನ್ನುತ್ತದೆ. ಸರಿಯಾಗಿ ನಡುವೆಯೂ ಕೂರಬೇಡಿ, ಮೂಲೆಯಲ್ಲೂ ಕೂರಬೇಡಿ. ಗೋಡೆಯಿಂದ ಮೂರು ಮೂರೂವರೆ ಅಡಿ ಬಿಟ್ಟು ಕೂತು ನೋಡಿ.

ಮೊಟ್ಟೆ ಟ್ರೇ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ. ಅಷ್ಟು ತೆಳುವಾದ ರಟ್ಟು ತೀರಾ ಮೇಲಿನ ಸದ್ದನ್ನು ಕೊಂಚ ಚದುರಿಸಬಹುದು, ಅಷ್ಟೇ. ಧೂಳು, ಜಿರಳೆ ಮಾತ್ರ ಗ್ಯಾರಂಟಿ. ಬೆಂಕಿ ತಗುಲಿದರೆ ಇನ್ನೂ ಕಷ್ಟ.

ಒಂದು ಗೇಣು

ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಇರಲಿ. ಅಂತರ ಎರಡರಷ್ಟಾದರೆ ನೇರವಾಗಿ ತಲುಪುವ ದನಿ 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಹತ್ತಿರ ಬಂದರೆ ಇದೇ ಲೆಕ್ಕ ನಮ್ಮ ಕಡೆಗೆ ತಿರುಗುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಸುಧಾರಣೆ ಇದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿದ್ದು ಹೋಟೆಲಿನ ಕೋಣೆಯಲ್ಲಿ. ಆಗ ಮೈಕೇ ಇರಲಿಲ್ಲ, ಕೊಂಬಿನ ಬಾಯಿಗೆ ಮುಖ ಹತ್ತಿರ ಹಿಡಿದು ಹಾಡಬೇಕಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು 1930ರಲ್ಲಿ ಇಲ್ಲೇ ತೀರಿಕೊಂಡರು.

ತೀರಾ ಹತ್ತಿರ, ಅಂದರೆ ನಾಲ್ಕು ಬೆರಳಿನಷ್ಟು ಬಂದರೆ ಮಂದ್ರ ಉಬ್ಬಿಕೊಳ್ಳುತ್ತದೆ. ಪ, ಬ, ಫ ಅಕ್ಷರಗಳ ಗಾಳಿ ಢಬ್ ಅಂತ ಬಡಿಯುತ್ತದೆ. ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಪಕ್ಕಕ್ಕೆ, ಕೆನ್ನೆಯ ನೇರದಿಂದ ಬಾಯಿಯ ಕಡೆಗೆ ತಿರುಗಿಸಿಡಿ. ಕಸೂತಿ ಹಾಕುವ ರಿಂಗಿಗೆ ಹಳೇ ನೈಲಾನ್ ಸಾಕ್ಸು ಬಿಗಿದು ನಡುವೆ ನಿಲ್ಲಿಸಿದರೆ ಪಾಪ್ ಫಿಲ್ಟರ್ ಆಯಿತು.

ಅಟ್ಟದಿಂದ ಏನು ಇಳಿಸಬಹುದು

ಮೊದಲ ಹಾಡನ್ನು ಬರೀ ಫೋನಿನಲ್ಲೇ ಮುಗಿಸಿ ಅಂತ ನಾನು ಹೇಳುತ್ತೇನೆ. ಫೋನಿನ ಮೈಕು ಸಣ್ಣದಾದರೂ ಕೆಟ್ಟದ್ದೇನಲ್ಲ. ಅದರ ಬುದ್ಧಿವಂತಿಕೆಯೇ ತೊಂದರೆ. ದನಿ ಇಳಿದಾಗ ತಾನೇ ಏರಿಸುತ್ತದೆ, ಗದ್ದಲ ಅಂದುಕೊಂಡು ತಂಬೂರಿಯ ನಾದವನ್ನೇ ಅಳಿಸುತ್ತದೆ. ಸದ್ದನ್ನು ಕುಗ್ಗಿಸದೆ ಇದ್ದ ಹಾಗೇ ಇಡುವ ಡಬ್ಲ್ಯೂಎವಿ (WAV) ಫೈಲಿನಲ್ಲಿ ಉಳಿಸುವ, ಆಟೋ ಗೇನ್ (ತಾನೇ ಏರಿಸುವುದು) ಮತ್ತು ನಾಯ್ಸ್ ಕ್ಯಾನ್ಸಲಿಂಗ್ (ಗದ್ದಲ ಅಳಿಸುವುದು) ಆಫ್ ಮಾಡಲು ಬಿಡುವ ಆಪ್ ಹುಡುಕಿ ಹಾಕಿಕೊಳ್ಳಿ. ಖಂಜಿರಕ್ಕೆ ಫೋನನ್ನು ಮೂರಡಿ ದೂರ ಇಡಿ, ಹತ್ತಿರ ಇಟ್ಟರೆ ಸದ್ದು ಹರಿದುಹೋಗುತ್ತದೆ.

ಇನ್ನು ಅಟ್ಟ. ಹಳೇ ಟೇಪ್‌ರೆಕಾರ್ಡರ್ ಸಿಕ್ಕರೆ ಎರಡು ಜಾತಿ ಗುರುತಿಸಿ. ಒಂದು, ಹಿಡಿಕೆ ಇರುವ ಟೂ ಇನ್ ಒನ್. ಇದರಲ್ಲಿ ರೆಕಾರ್ಡಿಂಗ್ ಲೆವೆಲ್ ನಮ್ಮ ಕೈಯಲ್ಲಿರುವುದಿಲ್ಲ, ಅದೇ ಏರಿಸಿ ಇಳಿಸುತ್ತದೆ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹುಸ್ಸ್ ಅಂತ ಗದ್ದಲ ಮೇಲೇಳುತ್ತದೆ. ಅದನ್ನು ಅಟ್ಟಕ್ಕೇ ವಾಪಸ್ ಕಳಿಸಿ. ಎರಡನೆಯದು ಸ್ಟೀರಿಯೋ ಸಿಸ್ಟಮ್ಮಿನ ಭಾಗವಾಗಿದ್ದ ಕ್ಯಾಸೆಟ್ ಡೆಕ್ಕು. ಮುಂದೆ ಮೈಕ್ ಅಂತ ಬರೆದ ದಪ್ಪ ತೂತು, ರೆಕ್ ಲೆವೆಲ್ ಅಂತ ಬರೆದ ನಾಬು, ಕುಣಿಯುವ ಮೀಟರು ಇದ್ದರೆ ಅದು ಬಂಗಾರ. ಕ್ಯಾಸೆಟ್ ಓಡದಿದ್ದರೂ ಚಿಂತೆ ಇಲ್ಲ. ನಮಗೆ ಬೇಕಾಗಿರುವುದು ಅದರೊಳಗಿನ ಮೈಕ್ ಆಂಪ್ಲಿಫೈಯರ್.

ಹೀಗೆ ಮಾಡಿ. ಒಂದು ಕ್ಯಾಸೆಟ್ ಒಳಗೆ ಹಾಕಿ. ಬೆನ್ನಿನ ಮೇಲಿನ ಚಿಕ್ಕ ಪ್ಲಾಸ್ಟಿಕ್ ಎಲೆ ಮುರಿದಿದ್ದರೆ ರೆಕಾರ್ಡ್ ಗುಂಡಿ ಕೂರುವುದಿಲ್ಲ, ಹಿಂದೆಲ್ಲಾ ಮಾಡುತ್ತಿದ್ದ ಹಾಗೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ. ಪಾಜ್ (pause) ಒತ್ತಿ, ಆಮೇಲೆ ರೆಕಾರ್ಡ್ ಒತ್ತಿ. ಟೇಪು ತಿರುಗುವುದಿಲ್ಲ, ಆದರೆ ಮೈಕಿನ ಸದ್ದು ದೊಡ್ಡದಾಗಿ ಹಿಂದಿನ ಲೈನ್ ಔಟ್‌ಗೆ ಬರುತ್ತದೆ. ಹೆಚ್ಚಿನ ಡೆಕ್ಕುಗಳು ಹೀಗೇ ಕೆಲಸ ಮಾಡುತ್ತವೆ. ಟೇಪಿನ ಹುಸ್ಸ್ ತಗ್ಗಿಸುವ ಡಾಲ್ಬಿ ಸ್ವಿಚ್ ಆಫ್ ಇರಲಿ. ಲೈನ್ ಔಟ್‌ನಿಂದ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂದಿರುವ ನೀಲಿ ತೂತಿಗೆ ವೈರು ಕೊಡಿ. ಗುಲಾಬಿ ತೂತು ಮೈಕಿನದು, ಅದಕ್ಕೆ ಕೊಟ್ಟರೆ ಸದ್ದು ಒಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ನೀಲಿ ತೂತು ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಬೆಹ್ರಿಂಗರ್ ಯುಸಿಎ222 ಥರದ ಪುಟ್ಟ ಯುಎಸ್‌ಬಿ ಪೆಟ್ಟಿಗೆ ಇದೆ. ಡೆಕ್ಕಿನ ಕೆಂಪು ಬಿಳಿ ಪಿನ್ನು ಅದಕ್ಕೆ ನೇರ ಕೂರುತ್ತದೆ, ಡ್ರೈವರ್ ತಲೆನೋವೂ ಇಲ್ಲ.

ನಾಬು ತಿರುಗಿಸಿದಾಗ ಕರಕರ ಅಂದರೆ ಒಳಗೆ ಧೂಳು ಕೂತಿದೆ. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ನಾಬಿನ ಬುಡಕ್ಕೆ ಒಂದು ಚೂರು ಹೊಡೆದು, ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ. ಪೂರ್ತಿ ಒಣಗಿದ ಮೇಲೆ ಮತ್ತೆ ಕರೆಂಟ್ ಕೊಡಿ. ಹಳೇ ಕೀಬೋರ್ಡ್ ಸಿಕ್ಕರೆ ಮೊದಲು ಬ್ಯಾಟರಿ ಡಬ್ಬಿ ತೆಗೆದು ನೋಡಿ. ಹಸಿರು ಬಿಳಿ ಪುಡಿ ಕಂಡರೆ ಸೆಲ್ಲು ಸೋರಿದೆ.

ಈಗ ಎಸ್‌ಪಿ ರೋಡಿಗೆ ಹೋಗಿ

ಇಷ್ಟಾದ ಮೇಲೂ ಕೊಳ್ಳಬೇಕು ಅನ್ನಿಸಿದರೆ ಒಂದು ಡೈನಮಿಕ್ ಮೈಕು ತನ್ನಿ. ಕಂಡೆನ್ಸರ್ ಬೇಡ. ಕಂಡೆನ್ಸರ್ ಸೂಕ್ಷ್ಮ ನಿಜ, ಆದರೆ ಆ ಸೂಕ್ಷ್ಮ ಪಕ್ಕದ ರಸ್ತೆಯ ಬಿಎಂಟಿಸಿ ಬಸ್ಸಿಗೂ ಅಷ್ಟೇ ಅನ್ವಯಿಸುತ್ತದೆ. ಅದಕ್ಕೆ ಮೈಕಿನ ವೈರಿನಲ್ಲೇ ಹರಿಯುವ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್ ಪವರ್ ಬೇರೆ ಬೇಕು, ಹಳೇ ಡೆಕ್ಕು ಅದನ್ನು ಕೊಡುವುದಿಲ್ಲ. ಡೈನಮಿಕ್ ಮೈಕಿಗೆ ಕರೆಂಟೇ ಬೇಡ. ಕೆಳಗೆ ಬಿದ್ದರೂ ಬದುಕುತ್ತದೆ. ಶ್ಯೂರ್ ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ವೇದಿಕೆಗಳಲ್ಲಿ ಅದೇ ಮೈಕು ಕಾಣುತ್ತದೆ. ಅದಕ್ಕೇ ಅದರ ನಕಲಿಯೂ ಜಾಸ್ತಿ, ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನ ಪಡಿ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರು ಮಾರುವ ಹಳೇ ಅಹುಜಾ ಮೈಕಾದರೂ ಪರವಾಗಿಲ್ಲ.

ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ, ಸಾದರ ಪತ್ರಪ್ಪ ರಸ್ತೆ. ಅಲ್ಲಿಗೆ ವಾರದ ದಿನ ಹೋಗಿ. ಭಾನುವಾರವೇ ಬಿಡುವು ಅನ್ನುವವರಿಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಇದೆ, ಆದರೆ ಅಲ್ಲಿ ಪ್ಲಗ್ ಚುಚ್ಚಿ ನೋಡುವ ಅನುಕೂಲ ಕಡಿಮೆ. ಜೇಬಿನಲ್ಲಿ ಒಂದು ಮಲ್ಟಿಮೀಟರು, ನಿಮ್ಮದೇ ವೈರು, ನಿಮ್ಮದೇ ಹೆಡ್‌ಫೋನ್ ಇರಲಿ.

"ಅಣ್ಣಾ, ಒಂದ್ನಿಮಿಷ ಚೆಕ್ ಮಾಡ್ಕೋತೀನಿ."

"ನೋಡ್ಕೊಳ್ಳಿ ಸಾರ್, ಆಮೇಲೆ ವಾಪಸ್ ಮಾತ್ರ ಇಲ್ಲ."

ಆ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ, ಅವರು ನೋಡಲು ಬಿಟ್ಟದ್ದೇ ಸಾಕು. ಮೂರು ಪಿನ್ನಿನ ಮೈಕಿನಲ್ಲಿ 2 ಮತ್ತು 3ನೇ ಪಿನ್ನಿಗೆ ಮಲ್ಟಿಮೀಟರ್ ಮುಟ್ಟಿಸಿ. ಪಿನ್ನಿನ ಪಕ್ಕದಲ್ಲಿ ಸಂಖ್ಯೆ ಕೆತ್ತಿರುತ್ತದೆ. ಕೆಲವು ನೂರು ಓಮ್ ತೋರಿಸಿದರೆ ಕಾಯಿಲ್ ಜೀವಂತ. ಏನೂ ತೋರದಿದ್ದರೆ ತಂತಿ ತುಂಡಾಗಿದೆ. ಸ್ವಿಚ್ ಇದ್ದರೆ ಆನ್ ಮಾಡಿಯೇ ನೋಡಬೇಕು ಅನ್ನುವುದು ಮರೆಯಬೇಡಿ. ಆಮೇಲೆ ಜಾಲರಿ ತಿರುಪಿ ಬಿಚ್ಚಿ ಒಳಗಿನ ಸ್ಪಂಜು ಮೂಸಿ ನೋಡಿ. ಹಳೇ ಸ್ಪಂಜು ಪುಡಿಯಾಗಿ ಉದುರುತ್ತಿದ್ದರೆ ಬೆಲೆ ಇಳಿಸಲು ಒಳ್ಳೇ ನೆಪ. ಮನೆಯಲ್ಲಿ ಜಾಲರಿ ತೊಳೆದು ಸ್ಪಂಜು ಬದಲಾಯಿಸಿದರೆ ಮುಗಿಯಿತು.

ಡೆಕ್ಕು ಸಿಗಲಿಲ್ಲವಾದರೆ ಎರಡನೇ ಖರ್ಚು ಸೆಕೆಂಡ್‌ಹ್ಯಾಂಡ್ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ. ಮೈಕು ಕೊಡುವುದು ಒಂದೆರಡು ಮಿಲಿವೋಲ್ಟ್ ಅಷ್ಟೇ, ಅದನ್ನು ಗದ್ದಲ ಸೇರಿಸದೆ ದೊಡ್ಡದು ಮಾಡುವುದೇ ಅದರ ಕೆಲಸ. ಡ್ರೈವರ್ ಬೇಡದ, ಚುಚ್ಚಿದರೆ ಸಾಕು ಅನ್ನುವ ಮಾದರಿ ನೋಡಿ. ಹಳೇ ಮಾದರಿಗಳಿಗೆ ಹೊಸ ವಿಂಡೋಸ್‌ಗೆ ಡ್ರೈವರೇ ಇರುವುದಿಲ್ಲ, ಅಗ್ಗಕ್ಕೆ ಮಾರಾಟವಾಗುವುದು ಬಹಳ ಸಲ ಅದಕ್ಕೇ.

ಹಳೇ ಲ್ಯಾಪ್‌ಟಾಪಿಗೆ ಉಸಿರು

ರೆಕಾರ್ಡ್ ಮಾಡುವಾಗ ವೈಫೈ ಆಫ್, ಬ್ರೌಸರ್ ಬಂದ್. ಟಕ್ ಟಕ್ ಅಂತ ಸದ್ದು ಮಧ್ಯೆ ಕತ್ತರಿಸುವುದು ಬಹಳಷ್ಟು ಸಲ ವೈಫೈನಿಂದ. ಬುಡದಲ್ಲಿ ಗುಂಯ್ ಕೇಳಿದರೆ ಚಾರ್ಜರ್ ಕಿತ್ತು ನೋಡಿ. ಅದು ಹೋದರೆ ನಮ್ಮ 50 ಹರ್ಟ್ಸ್ ಕರೆಂಟಿನ ಕಾಟ. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಬ್ಯಾಟರಿ ಸತ್ತಿದ್ದರೆ ಡೆಕ್ಕು, ಲ್ಯಾಪ್‌ಟಾಪು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ.

ಸಾಫ್ಟ್‌ವೇರಿಗೆ ಕಾಸು ಬೇಡ. 2000ದಿಂದ ಇರುವ ಆಡಾಸಿಟಿ ಉಚಿತ. ನಾಲ್ಕೈದು ಟ್ರ್ಯಾಕಿಗಿಂತ (ಬೇರೆ ಬೇರೆಯಾಗಿ ಮುದ್ರಿಸಿದ ಪದರಗಳಿಗಿಂತ) ಹೆಚ್ಚಿದ್ದರೆ ರೀಪರ್ ವಾಸಿ: ತೀರಾ ಹಗುರ, 60 ದಿನ ಉಚಿತವಾಗಿ ನೋಡಬಹುದು. ರೆಕಾರ್ಡಿಂಗ್ ಗುಣಮಟ್ಟದ ಸೆಟ್ಟಿಂಗಿನಲ್ಲಿ 24 ಬಿಟ್, 44.1 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8 ಎಂಬಿ. ಐದು ನಿಮಿಷದ ಹಾಡಿಗೆ ಎಂಟು ಟ್ರ್ಯಾಕ್ ಹಾಕಿದರೂ 320 ಎಂಬಿ, ಹಳೇ ಹಾರ್ಡ್ ಡಿಸ್ಕಿಗೆ ಅದೇನೂ ಭಾರವಲ್ಲ.

ಬಫರ್, ಅಂದರೆ ಕಂಪ್ಯೂಟರು ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು, 256 ಸ್ಯಾಂಪಲ್‌ಗೆ ಇಟ್ಟರೆ ಸುಮಾರು 6 ಮಿಲಿಸೆಕೆಂಡ್ ತಡ. ಹೋಗಿ ಬರುವಾಗ ಅದು ಎರಡರಷ್ಟಾಗುತ್ತದೆ, ಆದರೂ ಹಾಡಲು ಅಡ್ಡಿಯಿಲ್ಲ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ 100 ಮಿಲಿಸೆಕೆಂಡಿಗೂ ಜಾಸ್ತಿ ತಡ ಆಗುವುದು ಸಾಮಾನ್ಯ. ತಾಳ ತಪ್ಪುವುದು ಅಲ್ಲೇ. ವೈರ್ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು.

ಶ್ರುತಿ ಯಾರದ್ದು?

ಹಳೇ ಸಾಮಾನಿನಲ್ಲಿ ಹಾಡು ಕೆಡುವುದು ಬಹಳ ಸಲ ಇಲ್ಲಿ. ಹಳೇ ಹಾರ್ಮೋನಿಯಂನ ರೀಡುಗಳು ವರ್ಷಗಳಲ್ಲಿ ಅತ್ತಿತ್ತ ಸರಿದಿರುತ್ತವೆ, ಅದನ್ನು ಶ್ರುತಿ ಮಾಡಿಸಲು ಖರ್ಚಿದೆ. ಹಾಗಾಗಿ ಹಾರ್ಮೋನಿಯಂ ಎಲ್ಲಿದೆಯೋ ಉಳಿದವರೆಲ್ಲ ಅಲ್ಲಿಗೆ ಬರಬೇಕು. ಬೆಂಗಳೂರಿನ ಎಷ್ಟೋ ಸಂಗೀತದ ಮನೆಗಳಲ್ಲಿ ಊರಿನದೇ ರಾಡೆಲ್ ಶ್ರುತಿ ಪೆಟ್ಟಿಗೆ ಇರುತ್ತದೆ. ನೀವು ಹಾಡುವ ಶ್ರುತಿಯ ಷಡ್ಜವನ್ನು ಹಾರ್ಮೋನಿಯಂನಲ್ಲಿ ಹಿಡಿದು, ಪೆಟ್ಟಿಗೆಯ ಶ್ರುತಿಯನ್ನು ಅದಕ್ಕೆ ಕೂಡಿಸಿ. ಕೀಬೋರ್ಡ್, ಗಿಟಾರ್ ಇದ್ದರೆ ಅವೂ ಹಾಗೇ. ಪೆಟ್ಟಿಗೆ ಹಳೆಯದಾದರೆ ಹತ್ತು ನಿಮಿಷ ಓಡಲು ಬಿಟ್ಟು ಆಮೇಲೆ ಶ್ರುತಿ ನೋಡಿ.

ಮೊದಲ ಟ್ರ್ಯಾಕ್: ಹಾಡಿಗಿಂತ ಒಂದು ನಿಮಿಷ ಹೆಚ್ಚಿಗೆ ಬರೀ ಶ್ರುತಿ. ಅದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ ಹಾರ್ಮೋನಿಯಂ ನುಡಿಸಿ, ಮೈಕನ್ನು ತಿದಿಯ ಕಡೆಗಿಡದೆ ಮೇಲಿನಿಂದ ರೀಡಿನ ಕಡೆಗೆ ತೋರಿಸಿ. ಆಮೇಲೆ ಹಾಡು, ಕೊನೆಗೆ ಖಂಜಿರ. ಪ್ರತಿ ಟ್ರ್ಯಾಕಿನ ಶುರುವಿನಲ್ಲೂ ಹತ್ತು ಸೆಕೆಂಡ್ ಸುಮ್ನೆ ಇರಿ, ಅದು ಮುಂದೆ ಬೇಕು. ಮೀಟರು ಅತಿ ಜೋರಿನಲ್ಲೂ -12ರಿಂದ -6 ಡೆಸಿಬೆಲ್ ನಡುವೆ ಇರಲಿ. ಸೊನ್ನೆ ಮುಟ್ಟಿದ್ದನ್ನು ಸರಿಮಾಡಲು ಯಾರ ಕೈಲೂ ಆಗುವುದಿಲ್ಲ.

ಖಂಜಿರವನ್ನು ಫೋನಿನಲ್ಲಿ, ಹಾಡನ್ನು ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಮುದ್ರಿಸುವುದಾದರೆ ಶುರುವಿನಲ್ಲೊಂದು, ಕೊನೆಯಲ್ಲೊಂದು ಚಪ್ಪಾಳೆ ತಟ್ಟಿ. ಎರಡು ಯಂತ್ರದ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಮೊದಲ ಚಪ್ಪಾಳೆ ಕೂಡಿಸಿದರೂ ಕೊನೆಯದು ಸರಿದಿದ್ದರೆ, ಪಲ್ಲವಿ ಮತ್ತೆ ಬರುವ ಕಡೆ ಕತ್ತರಿಸಿ ಸ್ವಲ್ಪ ಸ್ವಲ್ಪ ಸರಿಸಿ.

ಮಿಕ್ಸಿಂಗ್: ಕಳೆಯುವ ಲೆಕ್ಕ

ಹಾಡಿನ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ. ಹೆಣ್ಣು ದನಿಗೆ 100ರವರೆಗೂ ಹೋಗಬಹುದು. ಡಬ್ಬಿಯೊಳಗಿಂದ ಹಾಡಿದ ಹಾಗಿದ್ದರೆ 250ರಿಂದ 400ರ ನಡುವೆ ಮೂರು ಡೆಸಿಬೆಲ್ ತಗ್ಗಿಸಿ. ಆಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಆ ಹತ್ತು ಸೆಕೆಂಡಿನ ಮೌನವನ್ನು ತೋರಿಸಿ, 6ರಿಂದ 9 ಡೆಸಿಬೆಲ್‌ಗೆ ನಿಲ್ಲಿಸಿ. ಆಸೆಪಟ್ಟು ಇನ್ನೂ ಎಳೆದರೆ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ. ಜೋರಾದ ಕಡೆ ತಗ್ಗಿಸಿ ದನಿಯನ್ನು ಸಮ ಮಾಡುವ ಕಂಪ್ರೆಸರ್ 3:1 ಸಾಕು.

ರಿವರ್ಬ್‌ಗೆ, ಅಂದರೆ ದನಿಯ ಹಿಂದಿನ ಗುಂಗಿಗೆ, ಬಚ್ಚಲುಮನೆ ಇದೆ. ಒಂದು ಸ್ಪೀಕರ್ ಒಳಗಿಟ್ಟು ಬರೀ ಹಾಡಿನ ಟ್ರ್ಯಾಕ್ ಹಾಕಿ, ಬಾಗಿಲ ಹತ್ತಿರ ಫೋನಿಟ್ಟು ಅದನ್ನೇ ರೆಕಾರ್ಡ್ ಮಾಡಿ. ಆ ಫೈಲನ್ನು ಮೂಲ ಹಾಡಿನ ಕೆಳಗೆ ತುಂಬಾ ಸಣ್ಣಗೆ ಸೇರಿಸಿ. ಅಪಾರ್ಟ್‌ಮೆಂಟಿನ ಮೆಟ್ಟಿಲಿನ ಜಾಗ ಇನ್ನೂ ಚೆನ್ನ, ಆದರೆ ವಾಚ್‌ಮನ್ ಅಣ್ಣನಿಗೆ ಹೇಳಿ ಮಾಡಿ. ಹಾರ್ಮೋನಿಯಂಗೆ ರಿವರ್ಬ್ ಬೇಡವೇ ಬೇಡ, ಎಲ್ಲಾ ಕಲಸಿಹೋಗುತ್ತದೆ.

ಕೊನೆಗೆ ಅದನ್ನೇ ಫೋನಿನ ಸ್ಪೀಕರಿನಲ್ಲಿ ಕೇಳಿ. ಸಾಹಿತ್ಯ ಅರ್ಥವಾಗದಿದ್ದರೆ ಹಾರ್ಮೋನಿಯಂ ಇಳಿಸಿ, ಹಾಡು ಏರಿಸಬೇಡಿ. ಜೋರಾಗಿರಲಿ ಅಂತ ಗೋಡೆಗೆ ಒತ್ತಿದ ಹಾಗೆ ಮಾಡುವುದೂ ದಂಡ. ಯೂಟ್ಯೂಬ್ ಸುಮಾರು -14 ಎಲ್‌ಯುಎಫ್‌ಎಸ್‌ಗಿಂತ (ಇದು ಸದ್ದಿನ ಜೋರನ್ನು ಅಳೆಯುವ ಮಾನ) ಜೋರಾಗಿರುವುದನ್ನು ತಾನೇ ತಗ್ಗಿಸುತ್ತದೆ.

ಮೂಲ ಡಬ್ಲ್ಯೂಎವಿ ಫೈಲುಗಳನ್ನು ಹಳೇ ಲ್ಯಾಪ್‌ಟಾಪಿನ ಭರವಸೆಗೆ ಬಿಡಬೇಡಿ, ಅವತ್ತೇ ಒಂದು ಪೆನ್ ಡ್ರೈವಿಗೂ ಹಾಕಿಡಿ. ಫೋಲ್ಡರಿನ ಹೆಸರಿನಲ್ಲೇ ಶ್ರುತಿ, ತಾಳ, ಮೈಕು ಎಲ್ಲಿತ್ತು ಅನ್ನುವುದನ್ನು ಬರೆದಿಡಿ. ಆರು ತಿಂಗಳಾದ ಮೇಲೆ ಗೆಳೆಯರೊಬ್ಬರು ಕೊಳಲು ಸೇರಿಸುತ್ತೇನೆ ಅಂದಾಗ ಕೇಳುವ ಮೊದಲ ಪ್ರಶ್ನೆ ಅದೇ.